ದರಿಯಾ ದೌಲತ್‌ನ ಗೋಡೆ, ಊಟಿ ಚರ್ಚಿನ ತೊಲೆ



ಈ ಸಲದ ಬರಹ ಒಂದು ಗೋಡೆಯ ಬಗ್ಗೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಡುವಣ ಗೋಡೆ ಅದು. ನಮ್ಮಲ್ಲಿ ಬಹಳ ಜನ ಶಾಲೆಯ ಟೂರ್‌ನಲ್ಲಿ ಅದರ ಮುಂದೆ ನಿಂತಿದ್ದೇವೆ. ಟೀಚರ್ ಸಾಲಾಗಿ ನಡೆಸಿಕೊಂಡು ಹೋದರು, ನಾವು ಐದು ನಿಮಿಷದಲ್ಲಿ ಹೊರಗೆ ಬಂದು ಐಸ್‌ಕ್ರೀಂ ಹುಡುಕಿದೆವು. ಈ ವರ್ಷ ಈಸ್ಟರ್ ಮುಗಿದ ಮೇಲೆ ನಮ್ಮ ಯುವಜನ ಸಂಘದವರು ಮೈಸೂರಿಗೆ ಹೋದಾಗ ಮೃಗಾಲಯ ಮತ್ತು ಸಂತ ಫಿಲೋಮಿನಾ ದೇವಾಲಯದ ಜೊತೆಗೆ ಇದನ್ನೂ ಪಟ್ಟಿಗೆ ಸೇರಿಸಿದೆವು. ತೆಪ್ಪಕಾಡು, ಬಂಡೀಪುರ ದಾಟಿ ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದು ಹೋದವರಿಗೆ ಆ ಗೋಡೆಯ ಮುಂದೆ ಒಂದೂವರೆ ಗಂಟೆ ಕಳೆದದ್ದೇ ತಿಳಿಯಲಿಲ್ಲ.

ಯುದ್ಧದ ಕುರಿತ ಚಿತ್ರ ನೋಡಬೇಕಾದರೆ ದೆಹಲಿಗೋ ಪ್ಯಾರಿಸ್‌ಗೋ ಹೋಗಬೇಕು ಎಂದುಕೊಳ್ಳುತ್ತೇವೆ. ನಮ್ಮ ಬೆಟ್ಟದಿಂದ ಇಳಿದರೆ ಅರ್ಧ ದಿನದ ದಾರಿಯಲ್ಲೇ, ಭಾರತದಲ್ಲಿ ಉಳಿದಿರುವ ಅತಿ ದೊಡ್ಡ ಯುದ್ಧಚಿತ್ರಗಳಲ್ಲಿ ಒಂದು ಇದೆ.

ಚಿತ್ರದಲ್ಲಿರುವುದು 1780ರ ಸೆಪ್ಟೆಂಬರ್ 10ರ ಬೆಳಿಗ್ಗೆ, ಕಾಂಚೀಪುರದ ಹತ್ತಿರದ ಪೊಳ್ಳಿಲೂರು. ಎರಡನೇ ಮೈಸೂರು ಯುದ್ಧದ ಕಾಲ. ಹೈದರ್ ಅಲಿ ದೊಡ್ಡ ಸೈನ್ಯದೊಂದಿಗೆ ಕರ್ನಾಟಿಕ್ ಬಯಲಿಗೆ ಇಳಿದಿದ್ದ. ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವಿಲಿಯಂ ಬೇಯ್ಲಿ ಗುಂಟೂರಿನ ಕಡೆಯಿಂದ ಸುಮಾರು 3,800 ಸೈನಿಕರನ್ನು ಕರೆದುಕೊಂಡು ಬರುತ್ತಿದ್ದ. ಕಾಂಚೀಪುರದಲ್ಲಿ ಸರ್ ಹೆಕ್ಟರ್ ಮನ್ರೋ ಕಾಯುತ್ತಿದ್ದ. ಎರಡು ಪಡೆಗಳ ನಡುವೆ ಕೆಲವೇ ಮೈಲಿ ಉಳಿದಿತ್ತು. ಆ ಕೆಲವು ಮೈಲಿಗಳ ನಡುವೆ ಟಿಪು, ಆಮೇಲೆ ಹೈದರ್, ಬೇಯ್ಲಿಯನ್ನು ಸುತ್ತುಗಟ್ಟಿದರು. ಮನ್ರೋ ಸಮಯಕ್ಕೆ ಬರಲಿಲ್ಲ. ಸೋಲಿನ ಸುದ್ದಿ ಕೇಳಿದ ಮೇಲೆ ತನ್ನ ಭಾರೀ ಫಿರಂಗಿಗಳನ್ನು ಕಾಂಚೀಪುರದ ದೇವಸ್ಥಾನದ ಕೊಳಕ್ಕೆ ತಳ್ಳಿ ಮದರಾಸಿನ ಕಡೆಗೆ ಹಿಂದೆ ಸರಿದ.

ಗೋಡೆಯ ಮೇಲೆ ಇದೆಲ್ಲ ಒಂದೇ ಕ್ಷಣದಲ್ಲಿ ನಡೆಯುತ್ತಿದೆ. ಕೆಂಪು ಕೋಟಿನ ಕಂಪನಿ ಸೈನಿಕರು ಚೌಕಾಕಾರವಾಗಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಯ್ಲಿ. ಪಕ್ಕದಲ್ಲಿ ಮದ್ದಿನ ಬಂಡಿ ಸಿಡಿಯುತ್ತಿದೆ. ಸುತ್ತಲೂ ಮೈಸೂರಿನ ಕುದುರೆ ಸವಾರರು ಸಾಲು ಸಾಲಾಗಿ ನುಗ್ಗುತ್ತಿದ್ದಾರೆ; ಕತ್ತರಿಸಿದ ತಲೆಗಳು ನೆಲದ ಮೇಲೆ ಉರುಳಿವೆ. ಹೈದರನ ಕಡೆ ಹೋರಾಡಿದ ಫ್ರೆಂಚರೂ ಚಿತ್ರದಲ್ಲಿದ್ದಾರೆ. ಇದನ್ನು ಗಮನಿಸಿ: ಶಿಲುಬೆಯ ಗುರುತು ಮಾಡಿಕೊಂಡು ಯುದ್ಧಕ್ಕೆ ಹೋದವರು ಅಂದು ಎರಡೂ ಕಡೆ ಇದ್ದರು. ಇಷ್ಟೆಲ್ಲ ಗದ್ದಲದ ನಡುವೆ ಟಿಪು ಮಾತ್ರ ಶಾಂತವಾಗಿ ಗುಲಾಬಿ ಹೂವನ್ನು ಮೂಸುತ್ತಿದ್ದಾನೆ.

ನಮ್ಮ ಜೊತೆ ಬಂದಿದ್ದ ಪ್ಲಸ್ ಟೂ ಹುಡುಗನೊಬ್ಬ ಕೇಳಿದ: "ಅಣ್ಣಾ, ಯಾರಿಗೂ ನೋವಾಗ್ತಾ ಇಲ್ವಲ್ಲ?" ನಾನು ಮತ್ತೆ ನೋಡಿದೆ. ಅವನು ಹೇಳಿದ್ದು ಸರಿ. ತಲೆ ಹೋದವನ ಮುಖದಲ್ಲೂ ನೋವಿಲ್ಲ. ಹತ್ತಿರ ಇರುವವನೂ ದೂರ ಇರುವವನೂ ಒಂದೇ ಗಾತ್ರ, ಒಂದೇ ಮುಖ. ಕುದುರೆಗಳು ಕೂಡ ಮೆರವಣಿಗೆಗೆ ಹೊರಟಂತಿವೆ. ನಮ್ಮ ಹಳ್ಳಿಗಳಲ್ಲಿ ಹಬ್ಬದ ದಿನ ಗೋಡೆಗೆ ಬಣ್ಣ ಹಾಕಿದಂತೆ ಸಂತೋಷದಿಂದ ಬರೆದ ಚಿತ್ರ ಇದು. ಅದನ್ನು ಬರೆಸಿದವನಿಗೆ ಅದು ಹಬ್ಬವೇ ಆಗಿತ್ತು. ಅಂದಿನವರೆಗೆ ಭಾರತದಲ್ಲಿ ಕಂಪನಿಗೆ ಅಷ್ಟು ದೊಡ್ಡ ಸೋಲು ಆಗಿರಲಿಲ್ಲ.

ಬಿ.ಎಸ್ಸಿ. ಓದಿದವನಾದ್ದರಿಂದ ಮದ್ದಿನ ಬಂಡಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಆ ಬಂಡಿಗಳು ಸಿಡಿದದ್ದರಲ್ಲಿ ಮೈಸೂರಿನ ರಾಕೆಟ್‌ಗಳಿಗೂ ಪಾಲು ಇತ್ತು ಎನ್ನುತ್ತಾರೆ. ಬೇರೆ ಕಡೆಗಳಲ್ಲಿ ರಾಕೆಟ್ ಎಂದರೆ ಕಾಗದದ ಅಥವಾ ಬಿದಿರಿನ ಕೊಳವೆ. ಮೈಸೂರಿನವರು ಕಬ್ಬಿಣದ ಕೊಳವೆ ಬಳಸಿದರು. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ, ಹಾಗಾಗಿ ಮದ್ದನ್ನು ಗಟ್ಟಿಯಾಗಿ ತುಂಬಬಹುದು, ಹೊರಬರುವ ಅನಿಲದ ವೇಗ ಹೆಚ್ಚುತ್ತದೆ, ರಾಕೆಟ್ ಸುಮಾರು 2 ಕಿಲೋಮೀಟರ್‌ವರೆಗೂ ಹೋಗುತ್ತದೆ. ನ್ಯೂಟನ್ನನ ಮೂರನೇ ನಿಯಮ, ಅಷ್ಟೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸಿಕ್ಕ ರಾಕೆಟ್‌ಗಳನ್ನು ಇಂಗ್ಲೆಂಡಿಗೆ ಸಾಗಿಸಿದರು. ವಿಲಿಯಂ ಕಾಂಗ್ರೀವ್ ಅವುಗಳಿಂದ ಕಲಿತು ತನ್ನ ರಾಕೆಟ್ ಮಾಡಿದ. 1807ರಲ್ಲಿ ಅವು ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರದ ಮನೆಗಳ ಮೇಲೆ ಬಿದ್ದವು. ನಮ್ಮ ನೆಲದ ಬುದ್ಧಿವಂತಿಕೆ ಎಂದು ಎದೆ ತಟ್ಟಿಕೊಳ್ಳುವ ಮೊದಲು ಅದು ಕೊನೆಗೆ ಎಲ್ಲಿ ಹೋಗಿ ಬಿತ್ತು ಎಂದೂ ನೋಡಬೇಕು. ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅಮೆರಿಕದ ವಾಲಪ್ಸ್ ರಾಕೆಟ್ ಕೇಂದ್ರದ ಗೋಡೆಯ ಮೇಲೆ ಟಿಪುವಿನ ರಾಕೆಟ್ ಪಡೆಯ ಚಿತ್ರ ನೋಡಿ ಸಂತೋಷಪಟ್ಟದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದೂ ಒಂದು ಯುದ್ಧದ ಚಿತ್ರವೇ.

ಅರುವಂಕಾಡಿನ ಕಾರ್ಡೈಟ್ ಕಾರ್ಖಾನೆಯ ಸೈರನ್ ಕೇಳಿ ಬೆಳೆದ ನಮಗೆ ಮದ್ದು ಎಂದರೆ ದೂರದ ಮಾತಲ್ಲ. ಕಳೆದ ಶತಮಾನದ ಆರಂಭದಿಂದ ಆ ಕಣಿವೆಯಲ್ಲಿ ಸೈನ್ಯಕ್ಕೆ ಸ್ಫೋಟಕ ತಯಾರಾಗುತ್ತಿದೆ. ಎಷ್ಟೋ ಮನೆಗಳ ಅಕ್ಕಿ, ಮಕ್ಕಳ ಶಾಲೆಯ ಫೀಸು, ಮಗಳ ಮದುವೆ ಅಲ್ಲಿಂದಲೇ ನಡೆದಿದೆ.

ಗೋಡೆಗೆ ಮರಳೋಣ. ಚಿತ್ರದಲ್ಲಿ ಯಾರಿಲ್ಲ ಎಂದು ಹುಡುಕುವ ಆಟ ಆಡಿದೆವು. ಮೊದಲು ಸಿಕ್ಕಿದ ಉತ್ತರ: ಹೆಂಗಸರು, ಮಕ್ಕಳು. ಎರಡನೆಯದು, ಸುಟ್ಟ ಊರುಗಳು. ಮೂರನೆಯ ಉತ್ತರ ಹೇಳಲು ಸ್ವಲ್ಪ ಇತಿಹಾಸ ಗೊತ್ತಿರಬೇಕು. ಬೇಯ್ಲಿಯ ಸೈನ್ಯ ಎಂದರೆ ಬಿಳಿಯರ ಸೈನ್ಯ ಎಂದು ತಿಳಿಯುತ್ತೇವೆ. ಅವರಲ್ಲಿ ಬಹುಪಾಲು ಮಂದಿ ಮದರಾಸಿನ ಸಿಪಾಯಿಗಳು, ತಮಿಳು ತೆಲುಗು ಮಾತನಾಡುವ ಬಡವರ ಮಕ್ಕಳು. ಇಂದು ವೆಲ್ಲಿಂಗ್ಟನ್‌ನಲ್ಲಿ ಕೇಂದ್ರ ಹೊಂದಿರುವ ಮದ್ರಾಸ್ ರೆಜಿಮೆಂಟ್ ತನ್ನ ಮೂಲವನ್ನು 1758ರಲ್ಲಿ ಕಟ್ಟಿದ ಅಂಥ ಸಿಪಾಯಿ ಪಡೆಗಳಿಗೇ ಜೋಡಿಸುತ್ತದೆ. ಸೆರೆಸಿಕ್ಕ ಸುಮಾರು 200 ಯುರೋಪಿಯನ್ನರಲ್ಲಿ ಕೆಲವರು ಪುಸ್ತಕ ಬರೆದರು, ಪತ್ರ ಬರೆದರು. ಬೇಯ್ಲಿ 1782ರ ನವೆಂಬರ್‌ನಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. 1816ರಲ್ಲಿ ಅವನ ಸಂಬಂಧಿ ಗುಂಬಜ್ ಹತ್ತಿರ ಅವನಿಗೆ ಸ್ಮಾರಕ ಕಟ್ಟಿಸಿದ. ಹೈದರ್ ಮತ್ತು ಟಿಪು ಗುಂಬಜ್‌ನಲ್ಲಿ ಮಲಗಿದ್ದಾರೆ. ಸೋತವನಿಗೂ ಗೆದ್ದವರಿಗೂ ನಡುವೆ ಈಗ ನಡೆದು ಹೋಗುವಷ್ಟೇ ದೂರ. ಪೊಳ್ಳಿಲೂರಿನ ಹೊಲದಲ್ಲಿ ಬಿದ್ದ ಸಿಪಾಯಿಯ ಹೆಸರನ್ನು ಮಾತ್ರ ಯಾವ ಕಲ್ಲಿನ ಮೇಲೂ ನಾವು ಕಾಣಲಿಲ್ಲ.

ಇನ್ನೊಂದು ಗುಂಪೂ ಗೋಡೆಯ ಮೇಲಿಲ್ಲ. ದರಿಯಾ ದೌಲತ್ ಕಟ್ಟಿದ ವರ್ಷ 1784. ಅದೇ ವರ್ಷ ಕರಾವಳಿಯ ಕೊಂಕಣಿ ಕಥೋಲಿಕರನ್ನು, ಅವರು ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪುವಿನ ಆಜ್ಞೆಯಂತೆ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಸಾವಿರಾರು ಜನ. ದಾರಿಯಲ್ಲಿ ಸತ್ತವರು ಎಷ್ಟೋ. 1799ರ ತನಕ ಉಳಿದವರಿಗೆ ಸೆರೆಯೇ ಬದುಕು. ಮಂಗಳೂರು ಮೂಲದ ಕುಟುಂಬಗಳು ನಮ್ಮ ನಡುವೆಯೂ ಇವೆ. ಅವರ ಅಜ್ಜಿಯರು ಇದನ್ನು ಕಥೆಯಾಗಿ ಹೇಳಿದ್ದಾರೆ. ಟಿಪು ಸತ್ತ ಮೇಲೆ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಶ್ರೀರಂಗಪಟ್ಟಣಕ್ಕೆ ಬಂದು ಚದುರಿದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದರು. ಇದೇ ಟಿಪು 1791ರಲ್ಲಿ ಮರಾಠ ದಂಡಿನವರು ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ನೆರವು ಕಳುಹಿಸಿದವನೂ ಹೌದು. ಎರಡೂ ನಡೆದದ್ದೇ. ವಾಟ್ಸಾಪ್‌ನಲ್ಲಿ ಒಂದನ್ನು ಮಾತ್ರ ಕಳುಹಿಸುವವರು ಇದ್ದಾರೆ, ಇನ್ನೊಂದನ್ನು ಮಾತ್ರ ಕಳುಹಿಸುವವರೂ ಇದ್ದಾರೆ. ದಯವಿಟ್ಟು ನಮ್ಮ ಗುಂಪಿನಲ್ಲಿ ಇಬ್ಬರೂ ಸ್ವಲ್ಪ ತಡೆದುಕೊಳ್ಳಿ.

ಈಗ ಒಂದು ವಿಚಿತ್ರ ಸಂಗತಿ. ನಾವು ಇಂದು ನೋಡುವ ಬಣ್ಣ ಟಿಪುವಿನ ಕಾಲದ ಬಣ್ಣವಲ್ಲ. 1799ಕ್ಕೆ ಮೊದಲೇ ಚಿತ್ರ ಕೆಟ್ಟಿತ್ತು. ಕೋಟೆ ಬಿದ್ದ ಮೇಲೆ ಈ ಅರಮನೆಯಲ್ಲಿ ವಾಸವಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಮಾಡಿಸಿದ. ಮುಂದೆ ವಾಟರ್ಲೂ ಗೆದ್ದು ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು ಇವನೇ, ನಮ್ಮ ವೆಲ್ಲಿಂಗ್ಟನ್‌ಗೆ ಅವನದೇ ಹೆಸರು. ಆಮೇಲೆ ಯಾರೋ ಸುಣ್ಣ ಬಳಿದು ಚಿತ್ರ ಬಹುತೇಕ ಅಳಿಸಿಹೋಯಿತು. ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರು ಪ್ರವಾಸದಲ್ಲಿ ಅದನ್ನು ನೋಡಿ, ಮೂಲ ಚಿತ್ರವನ್ನು ಬಲ್ಲ ಒಬ್ಬ ಭಾರತೀಯ ಕಲಾವಿದನಿಂದ ಮತ್ತೆ ಬರೆಸಿದ. 1855ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ನಮ್ಮ ನೀಲಗಿರಿಯಲ್ಲಿ ತಿಂಗಳುಗಟ್ಟಲೆ ಉಳಿದ ಅದೇ ಡಾಲ್‌ಹೌಸಿ. ಅಂದರೆ ತಮ್ಮ ಸೋಲಿನ ಚಿತ್ರವನ್ನು ಎರಡು ಸಲ ಉಳಿಸಿದವರು ಬ್ರಿಟಿಷರೇ! ಇದು ದೊಡ್ಡತನವೇ? ನನಗೆ ಹಾಗೆ ಅನ್ನಿಸುವುದಿಲ್ಲ. ಕೊನೆಗೆ ಗೆದ್ದವನಿಗೆ ಹಳೆಯ ಸೋಲು ಒಂದು ಅಲಂಕಾರ. ಇದೇ ಯುದ್ಧದ ಕಾಗದದ ಮೇಲಿನ ಉದ್ದನೆಯ ಚಿತ್ರವೊಂದು 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಮಾರಾಟವಾಯಿತು.

ಬ್ರಿಟಿಷರೂ ತಮ್ಮ ಹಬ್ಬದ ಚಿತ್ರ ಬರೆಸಿಕೊಂಡರು. ಟಿಪು ಸತ್ತದ್ದು 1799ರ ಮೇ 4ರಂದು. ಒಂದು ವರ್ಷ ತುಂಬುವ ಮೊದಲೇ, 1800ರ ಏಪ್ರಿಲ್‌ನಲ್ಲಿ, ಲಂಡನ್ನಿನ ಲೈಸಿಯಂ ಸಭಾಂಗಣದಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಕಲಾವಿದ ಶ್ರೀರಂಗಪಟ್ಟಣದ ಮುತ್ತಿಗೆಯ ಬೃಹತ್ ಚಿತ್ರವನ್ನು ಪ್ರದರ್ಶನಕ್ಕಿಟ್ಟ. ಸುಮಾರು ಆರು ವಾರದಲ್ಲಿ ಬರೆದದ್ದು. ನೋಡುವವರನ್ನು ಅರ್ಧ ಸುತ್ತಿಕೊಳ್ಳುವಷ್ಟು ದೊಡ್ಡದು. ಜನ ಟಿಕೆಟ್ ಕೊಂಡು ನುಗ್ಗಿದರು. ಪೋರ್ಟರ್ ಶ್ರೀರಂಗಪಟ್ಟಣವನ್ನು ಕಣ್ಣಿನಲ್ಲಿ ಕಂಡವನಲ್ಲ. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ಐಮ್ಯಾಕ್ಸ್‌ನಲ್ಲಿ ಯುದ್ಧದ ಸಿನಿಮಾ. ಆ ಕ್ಯಾನ್ವಾಸ್ ಮುಂದೆ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಅದನ್ನು ನೋಡಿ ಅಚ್ಚು ಹಾಕಿದ ಚಿತ್ರಗಳು ಉಳಿದಿವೆ. 1839ರಲ್ಲಿ ಡೇವಿಡ್ ವಿಲ್ಕಿ ಇನ್ನೊಂದು ಬರೆದ: ಟಿಪುವಿನ ಶವದ ಮೇಲೆ ದೀಪದ ಬೆಳಕು, ನಿಂತಿರುವ ಜನರಲ್ ಬೇರ್ಡ್. ಪೊಳ್ಳಿಲೂರಿನಲ್ಲಿ ಸಿಕ್ಕಿಬಿದ್ದು ಮೂರೂವರೆ ವರ್ಷಕ್ಕೂ ಹೆಚ್ಚು ಶ್ರೀರಂಗಪಟ್ಟಣದ ಸೆರೆಮನೆಯಲ್ಲಿದ್ದವನೇ ಈ ಬೇರ್ಡ್. ವಿಲ್ಕಿ ಅವನ ಕಾಲಡಿಯಲ್ಲಿ ಸೆರೆಮನೆಯ ಜಾಲರಿಯೊಂದನ್ನು ಬರೆದಿದ್ದಾನೆ. ಸೇಡು ತೀರಿತು ಎಂದು ಹೇಳುವ ವಿಧಾನ ಅದು. ಟಿಪುವಿನ ಮರದ ಹುಲಿ, ಸೋಲ್ಜರ್ ಮೇಲೆ ಹಾರಿ ಕುಳಿತ ಆ ಹಾಡುವ ಹುಲಿಯೂ ಲಂಡನ್ನಿನ ಮ್ಯೂಸಿಯಂನಲ್ಲೇ ಇದೆ. ಅಲ್ಲಿನ ಮಕ್ಕಳಿಗೆ ಅದು ಬಹಳ ಇಷ್ಟವಂತೆ. ಮಸಿನಗುಡಿಯವರಾದ ನಮಗೆ ಹುಲಿ ಅಷ್ಟು ತಮಾಷೆಯ ಪ್ರಾಣಿ ಅಲ್ಲ, ಬಿಡಿ.

ಇಲ್ಲಿಂದ ಕಥೆ ನಮ್ಮ ಬೆಟ್ಟ ಹತ್ತುತ್ತದೆ. 1799ರ ಒಪ್ಪಂದದಿಂದ ನೀಲಗಿರಿ ಕಂಪನಿಯ ಕೈಗೆ ಬಂತು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಇಲ್ಲಿಗೆ ಬಂದ, ಊಟಿ ಬೆಳೆಯಿತು. ಗವರ್ನರ್ ಲಷಿಂಗ್ಟನ್ ಕಾಲದಲ್ಲಿ, 1829ರ ಏಪ್ರಿಲ್ 23ರಂದು, ಸಂತ ಸ್ಟೀಫನ್ನರ ಚರ್ಚಿಗೆ ಅಡಿಗಲ್ಲು ಹಾಕಿದರು. 1831ರ ಈಸ್ಟರ್ ಭಾನುವಾರ ಅದು ಆರಾಧನೆಗೆ ತೆರೆಯಿತು. ಅದರ ದೊಡ್ಡ ತೊಲೆಗಳಿಗೆ ಮರ ಬೇಕಾಗಿತ್ತು. ಶ್ರೀರಂಗಪಟ್ಟಣದಲ್ಲಿ ಟಿಪುವಿನ ಇನ್ನೊಂದು ಅರಮನೆ ಇತ್ತು, ಲಾಲ್‌ಬಾಗ್. ಅದನ್ನು ಕೆಡವಿ ಅದರ ತೊಲೆಗಳನ್ನು ಆನೆಗಳಿಂದ ಎಳೆಸಿ ಬೆಟ್ಟಕ್ಕೆ ತಂದರು. ನಾವು ಬಸ್ಸಿನಲ್ಲಿ ಹತ್ತುವಾಗಲೇ ತಲೆ ತಿರುಗುವ ಘಟ್ಟ ಅದು. ರಸ್ತೆ ಸರಿಯಿಲ್ಲದ ಕಾಲದಲ್ಲಿ ಆ ತೊಲೆಗಳನ್ನು ಹಗ್ಗ ಕಟ್ಟಿ ತಳ್ಳಿದ ಕೂಲಿಗಳ ಬಗ್ಗೆಯೂ ಯೋಚಿಸಿ.

ಹೀಗಾಗಿ ಊಟಿಯ ಆ ಚರ್ಚಿನಲ್ಲಿ ಕುಳಿತು ತಲೆ ಎತ್ತಿದರೆ ಕಾಣುವುದು ಯುದ್ಧದ ಸಾಮಾನು. ವ್ಯಾನಿನಲ್ಲಿ ಹಿಂತಿರುಗುವಾಗ ಇದರ ಬಗ್ಗೆ ಗಂಟೆಗಟ್ಟಲೆ ವಾದ ನಡೆಯಿತು. ಒಬ್ಬಳು ಹೇಳಿದಳು: ಪ್ರವಾದಿ ಯೆಶಾಯ ಕಂಡ ಕನಸು ಇದೇ ತಾನೆ, ಯುದ್ಧದ ವಸ್ತು ಶಾಂತಿಯ ವಸ್ತು ಆಗುವುದು? ಅವಳ ಪಕ್ಕದಲ್ಲಿದ್ದವನು ಒಪ್ಪಲಿಲ್ಲ. ಯೆಶಾಯನ ಕನಸಿನಲ್ಲಿ ಜನ ತಮ್ಮ ಆಯುಧವನ್ನು ತಾವೇ ಬದಲಾಯಿಸುತ್ತಾರೆ. ಇನ್ನೊಬ್ಬನ ಮನೆ ಕೆಡವಿ ನಮ್ಮ ಚಾವಣಿ ಹಾಕಿಕೊಳ್ಳುವುದಕ್ಕೆ ಬೇರೆ ಹೆಸರಿದೆ, ಅಂದ. ನನ್ನ ಮನಸ್ಸು ಎರಡನೆಯವನ ಕಡೆಗೆ ವಾಲಿತು. ಆದರೂ ಸುಮಾರು ಇನ್ನೂರು ವರ್ಷ ಆ ತೊಲೆಯ ಕೆಳಗೆ ಎಷ್ಟು ಮಂದಿ ಮೊಣಕಾಲೂರಿ ಅತ್ತಿದ್ದಾರೆ, ಎಷ್ಟು ಮಕ್ಕಳಿಗೆ ಸ್ನಾನದೀಕ್ಷೆ ಆಗಿದೆ! ಅದನ್ನು ಲೂಟಿಯ ಮರ ಎಂದಷ್ಟೇ ಹೇಳಿ ಮುಗಿಸಲೂ ನನಗೆ ಆಗುವುದಿಲ್ಲ.

ಆಧುನಿಕ ಕಲೆ ನಮಗೆ ಅರ್ಥವಾಗುವುದಿಲ್ಲ, ವಕ್ರವಕ್ರವಾಗಿರುತ್ತದೆ ಎಂದು ಹೇಳುವವರಿಗೆ ಈ ಗೋಡೆಯಿಂದ ಶುರುಮಾಡಿ ಎಂದು ಹೇಳುತ್ತೇನೆ. ದರಿಯಾ ದೌಲತ್ ನೋಡಿದ ಕಣ್ಣಿನಿಂದಲೇ ಪಿಕಾಸೋನ ಗುಯೆರ್ನಿಕಾ ಚಿತ್ರವನ್ನು ಫೋನಿನಲ್ಲಿ ನೋಡಿ. 1937ರ ಏಪ್ರಿಲ್ 26ರಂದು ಸ್ಪೇನಿನ ಆ ಪುಟ್ಟ ಊರಿನ ಮೇಲೆ ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಬಾಂಬು ಹಾಕಿದವು. ಕೆಲವೇ ವಾರಗಳಲ್ಲಿ ಪಿಕಾಸೋ ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲದ ಚಿತ್ರ ಬರೆದ. ಅದರಲ್ಲಿ ವಿಮಾನ ಇಲ್ಲ, ಬಾಂಬು ಇಲ್ಲ, ಶತ್ರುವಿನ ಮುಖ ಇಲ್ಲ. ಯಾರು ಗೆದ್ದರು ಎಂದು ಕೇಳುವಂತೆಯೇ ಇಲ್ಲ. ಕಪ್ಪು, ಬಿಳಿ, ಬೂದು ಅಷ್ಟೇ. ಸತ್ತ ಮಗುವನ್ನು ಮಡಿಲಲ್ಲಿಟ್ಟು ಆಕಾಶಕ್ಕೆ ಬಾಯಿ ತೆರೆದ ತಾಯಿ, ಕಿರುಚುವ ಕುದುರೆ. ದರಿಯಾ ದೌಲತ್‌ನ ಕುದುರೆ ಕಿರುಚಲಿಲ್ಲ. ನಮ್ಮ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ: ಯುದ್ಧದ ಚಿತ್ರದಲ್ಲಿ ನೋವು ಬರಬೇಕಾದರೆ ಆಕಾರಗಳು ವಕ್ರವಾಗಲೇಬೇಕಾಯಿತು.

ನಮ್ಮ ದೇಶದಲ್ಲಿ ಸೋಮನಾಥ್ ಹೋರ್ ಇನ್ನೂ ಮುಂದೆ ಹೋದರು. 1921ರಲ್ಲಿ ಚಿತ್ತಗಾಂಗ್‌ನಲ್ಲಿ ಹುಟ್ಟಿದ ಅವರು ಎರಡನೇ ಮಹಾಯುದ್ಧದಲ್ಲಿ ಜಪಾನಿ ಬಾಂಬು ಬಿದ್ದ ಹಳ್ಳಿಯನ್ನೂ, 1943ರ ಬಂಗಾಳದ ಕ್ಷಾಮವನ್ನೂ ಕಣ್ಣಾರೆ ಕಂಡವರು. 1970ರ ದಶಕದಲ್ಲಿ ಅವರು 'ಗಾಯಗಳು' ಎಂಬ ಸರಣಿ ಮಾಡಿದರು. ಅಲ್ಲಿ ಮನುಷ್ಯನೇ ಇಲ್ಲ. ಕಾಗದದ ತಿರುಳಿನಿಂದ ಮಾಡಿದ ಬಿಳಿ ಹಾಳೆ, ಅದರ ಮೇಲೆ ಸೀಳು, ಉಬ್ಬು, ತೂತು. ಚರ್ಮದ ಮೇಲಿನ ಗಾಯದಂತೆ. ಯಾರ ಚರ್ಮ, ಯಾವ ಜಾತಿ, ಯಾವ ಸೈನ್ಯ ಎಂದು ಹೇಳಲು ಸಾಧ್ಯವಿಲ್ಲ. ಪೊಳ್ಳಿಲೂರಿನ ಸಿಪಾಯಿಗೆ ಸಿಗದ ಚಿತ್ರ ಇದೇ ಇರಬಹುದು ಎಂದು ನನಗೆ ಅನ್ನಿಸಿತು. ವಿಯೆಟ್ನಾಂ ಜನರ ಹೋರಾಟಕ್ಕೆ ಗೌರವವಾಗಿ ಅವರು ಮಾಡಿದ ತಾಯಿ-ಮಗುವಿನ ದೊಡ್ಡ ಕಂಚಿನ ಪ್ರತಿಮೆ 1977ರಲ್ಲಿ ಶಾಂತಿನಿಕೇತನದ ಕಲಾಭವನದಿಂದ ಕಳವಾಯಿತು, ಮತ್ತೆ ಸಿಗಲಿಲ್ಲ.

ಜರ್ಮನಿಯ ಕ್ಯಾಥೆ ಕೋಲ್ವಿಟ್ಜ್ ಅವರದು ಇನ್ನೊಂದು ದಾರಿ. ಅವರ ಮಗ ಪೀಟರ್ 1914ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನಲ್ಲಿ ಸತ್ತ. ಸ್ವಂತ ಇಚ್ಛೆಯಿಂದ ಸೈನ್ಯ ಸೇರಿದ ಹುಡುಗ, ವಯಸ್ಸು 18. ಹೋಗಲು ಅಪ್ಪನ ಒಪ್ಪಿಗೆ ಬೇಕಾಗಿತ್ತು. ಅಪ್ಪನನ್ನು ಒಪ್ಪಿಸಿದವಳು ತಾಯಿಯೇ. ಅವನಿಗಾಗಿ ಒಂದು ಸ್ಮಾರಕ ಮಾಡಬೇಕೆಂದು ಹೊರಟವರಿಗೆ ಅದು ಮುಗಿದದ್ದು 1932ರಲ್ಲಿ. ಮಗನ ಪ್ರತಿಮೆ ಅಲ್ಲ ಅದು. ಸೈನಿಕರ ಸ್ಮಶಾನದಲ್ಲಿ ಬೇರೆ ಬೇರೆಯಾಗಿ ಮೊಣಕಾಲೂರಿದ ಒಬ್ಬ ತಂದೆ, ಒಬ್ಬ ತಾಯಿ. ಮುಖಗಳು ಅವರಿಬ್ಬರದೇ.

ಇದನ್ನು ಬರೆಯುವಾಗ ಅಗ್ನಿವೀರ್ ಪರೀಕ್ಷೆಗೆ ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಿರುವ ನಮ್ಮ ಹುಡುಗರು ಕಣ್ಣ ಮುಂದೆ ಬರುತ್ತಾರೆ. ಅವರಲ್ಲೊಬ್ಬ ದರಿಯಾ ದೌಲತ್‌ಗೂ ಬಂದಿದ್ದ. ಕೋಲ್ವಿಟ್ಜ್ ಅವರ ಕಥೆ ಹೇಳಿದಾಗ ಅವನು ಏನೂ ಮಾತಾಡಲಿಲ್ಲ. ಗುಂಡ್ಲುಪೇಟೆ ಬಂದ ಮೇಲೆ ಕೇಳಿದ: "ಅವರಮ್ಮ ಹದಿನೆಂಟು ವರ್ಷ ಅದನ್ನೇ ಮಾಡ್ತಾ ಇದ್ರಾ?" ಹೌದು ಎಂದೆ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಮುಚ್ಚುವ ಮೊದಲು ದಾಟಬೇಕಾಗಿತ್ತು, ಚಾಲಕ ಅವಸರ ಮಾಡಿದರು, ಮಾತು ಅಲ್ಲಿಗೇ ನಿಂತಿತು.

ಮುಂದಿನ ತಿಂಗಳು ನಮ್ಮ ಯುವಜನರು ಊಟಿಗೆ ಹೋಗಿ ಆ ತೊಲೆಗಳನ್ನು ನೋಡಿ ಬರಲಿದ್ದೇವೆ, ಹಿರಿಯರೂ ಬರಬಹುದು. ಅದಕ್ಕೆ ಮೊದಲು ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಯಾರಾದರೂ ಸೈನ್ಯದಲ್ಲಿ ಇದ್ದರೆ, ಅಥವಾ ಅರುವಂಕಾಡಿನಲ್ಲಿ ದುಡಿದಿದ್ದರೆ, ಅವರ ಹಳೆಯ ಫೋಟೋ, ಮನೆಗೆ ಬರೆದ ಕಾಗದ, ಪದಕ ಏನಿದ್ದರೂ ಭಾನುವಾರ ಪೂಜೆಯ ನಂತರ ತಂದು ತೋರಿಸಿ. ಫೋನಿನಲ್ಲಿ ಫೋಟೋ ತೆಗೆದು ವಸ್ತುವನ್ನು ಅಲ್ಲಿಯೇ ಹಿಂತಿರುಗಿಸುತ್ತೇವೆ. ಹೆಸರು ಮತ್ತು ಊರನ್ನು ಫೋಟೋ ಹಿಂದೆ ಪೆನ್ಸಿಲ್‌ನಿಂದ ಬರೆದು ತನ್ನಿ. ಹೆಸರು ಮರೆತುಹೋಗಿದ್ದರೆ ಅಜ್ಜಿಯರನ್ನು ಈಗಲೇ ಕೇಳಿಟ್ಟುಕೊಳ್ಳಿ.